ವಿಧಾನಸೌಧ ಮತ್ತು ಅದರ ಮುಂದಿನ ಬೀದಿ

ವಿಧಾನಸೌಧ: ಕರ್ನಾಟಕ ವಿಧಾನಸಭೆ, ವಿಧಾನ ಪರಿಷತ್ತು ಮತ್ತು ರಾಜ್ಯ ಸಚಿವಾಲಯಗಳಿರುವ ಗ್ರಾನೈಟ್ ಕಟ್ಟಡ. ಬೆಂಗಳೂರಿನ ಡಾ. ಅಂಬೇಡ್ಕರ್ ವೀಧಿಯಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತಿದೆ. ಬೀದಿಯ ಆಚೆ ಬದಿಗೆ ಕೆಂಪು ಬಣ್ಣದ ಅಠಾರಾ ಕಚೇರಿ, ಅಂದರೆ ಈಗಿನ ಹೈಕೋರ್ಟ್. ಅದರ ಬೆನ್ನಿಗೆ ಕಬ್ಬನ್ ಪಾರ್ಕ್. ಶಿಲಾನ್ಯಾಸ ನಡೆದದ್ದು 1951ರ ಜುಲೈ 13ರಂದು, ಕಟ್ಟಡ ಮುಗಿದದ್ದು 1956ರಲ್ಲಿ. ಕಾನೂನು ಮಾಡುವ ಮನೆ, ಆ ಕಾನೂನನ್ನು ಒರೆಗೆ ಹಚ್ಚುವ ಮನೆ ಮತ್ತು ಜನ ಬಂದು ನಿಲ್ಲುವ ಬಯಲು, ಈ ಮೂರೂ ಒಂದೇ ನೋಟಕ್ಕೆ ಸಿಗುವುದು ಈ ಜಾಗದ ವಿಶೇಷ. ಆದ್ದರಿಂದ ಕಟ್ಟಡದ ಚರಿತ್ರೆಯನ್ನು ಬೀದಿಯ ಚರಿತ್ರೆಯಿಂದ ಬಿಡಿಸಿ ಹೇಳಿದರೆ ಅದು ಅರ್ಧ ಚರಿತ್ರೆಯಾಗುತ್ತದೆ. ಶಿವಮೊಗ್ಗ ಜಿಲ್ಲೆಗೂ ಈ ಸೌಧಕ್ಕೂ ಇರುವ ನಂಟು ಬಹಳ ಗಾಢವಾದದ್ದು. ಅದನ್ನು ಇಲ್ಲಿ ತುಸು ವಿಸ್ತಾರವಾಗಿಯೇ ಹೇಳಲಾಗಿದೆ.

ಸೌಧಕ್ಕೂ ಮೊದಲು

ಮೈಸೂರು ಸಂಸ್ಥಾನದಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭವಾದದ್ದು 1881ರಲ್ಲಿ, ಹತ್ತನೆಯ ಚಾಮರಾಜ ಒಡೆಯರ ಆಳ್ವಿಕೆಯಲ್ಲಿ, ದಿವಾನ್ ರಂಗಾಚಾರ್ಲು ಅವರ ಮುಂದಾಳತ್ವದಲ್ಲಿ. ಮೊದಲ ಸಭೆಗೆ 144 ಮಂದಿ ಸದಸ್ಯರು ಬಂದಿದ್ದರು. ದಸರೆಯ ಹೊತ್ತಿಗೆ ಮೈಸೂರಿನಲ್ಲಿ ಸೇರುತ್ತಿದ್ದ ಈ ಸಭೆಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ. ಅಹವಾಲು ಹೇಳಿಕೊಳ್ಳಬಹುದಿತ್ತು, ದಿವಾನರ ಆಡಳಿತ ವರದಿಯನ್ನು ಕೇಳಬಹುದಿತ್ತು. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. ಎರಡೂ ಸಭೆಗಳು 1949ರ ಡಿಸೆಂಬರ್‌ನಲ್ಲಿ ವಿಸರ್ಜನೆಯಾದವು.

ಬೆಂಗಳೂರಿನಲ್ಲಿ ಆಡಳಿತ ನಡೆಯುತ್ತಿದ್ದದ್ದು ಅಠಾರಾ ಕಚೇರಿಯಲ್ಲಿ. 1864ರಲ್ಲಿ ಕೆಲಸ ಹಿಡಿದು 1868ರಲ್ಲಿ ಮುಗಿಸಿದ ಈ ಎರಡಂತಸ್ತಿನ ಕಟ್ಟಡಕ್ಕೆ ಹದಿನೆಂಟು ಇಲಾಖೆಗಳು ಬಂದು ಸೇರಿದವು. ಅದಕ್ಕೂ ಮುಂಚೆ ಅವು ಕೋಟೆಯೊಳಗಿನ ಟಿಪ್ಪುವಿನ ಅರಮನೆಯಲ್ಲಿ ಇಕ್ಕಟ್ಟಿನಲ್ಲಿದ್ದವು. ಸಂವಿಧಾನ ಜಾರಿಯಾಗಿ ಮೊದಲ ಚುನಾವಣೆ ನಡೆದ ಮೇಲೆ, 1952ರ ಜೂನ್ 18ರಂದು ಮೈಸೂರು ವಿಧಾನಸಭೆ ಮೊದಲ ಸಲ ಸೇರಿದ್ದೂ ಈ ಅಠಾರಾ ಕಚೇರಿಯಲ್ಲೇ. ಆಗ 99 ಸದಸ್ಯರು. ಅವರ ನಡುವೆ ಸಾಗರ–ಹೊಸನಗರ ಭಾಗದಿಂದ ಗೆದ್ದು ಬಂದ 29 ವರ್ಷದ ಸಮಾಜವಾದಿ ಶಾಂತವೇರಿ ಗೋಪಾಲಗೌಡರೂ ಇದ್ದರು.

ಕಟ್ಟಿದ ಬಗೆ

ಮೈಸೂರಿನ ಮೊದಲ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ ಅವರ ಕಾಲದಲ್ಲಿ ಯೋಜಿಸಿದ್ದು ಎರಡು ಅಂತಸ್ತಿನ, ಹೆಚ್ಚು ಅಲಂಕಾರವಿಲ್ಲದ ಶಾಸನಸಭಾ ಕಟ್ಟಡ. ಪ್ರಧಾನಿ ಜವಾಹರಲಾಲ್ ನೆಹರೂ ಅಡಿಗಲ್ಲು ಹಾಕಿದ್ದು ಆ ಯೋಜನೆಗೆ. 1952ರ ಮಾರ್ಚ್ ಕೊನೆಯಲ್ಲಿ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು ಆ ನಕ್ಷೆಯನ್ನು ಬದಿಗಿಟ್ಟರು. ನಾಡಿಗೆ ಬಂದಿದ್ದ ರಷ್ಯದ ಸಾಂಸ್ಕೃತಿಕ ನಿಯೋಗವೊಂದಕ್ಕೆ ಬೆಂಗಳೂರು ತೋರಿಸುತ್ತಿದ್ದಾಗ, ಇಲ್ಲಿರುವುದೆಲ್ಲ ಯೂರೋಪಿನ ಮಾದರಿಯ ಕಟ್ಟಡಗಳೇ, ನಿಮ್ಮದು ಎನ್ನುವಂಥದ್ದು ಯಾವುದೂ ಇಲ್ಲವೇ ಎಂದು ಅತಿಥಿಗಳು ಕೇಳಿದರಂತೆ. ಆ ಮಾತು ಅವರಿಗೆ ನಾಟಿತು ಎಂಬ ಪ್ರಸಂಗವನ್ನು ಇಂದಿಗೂ ಹೇಳುತ್ತಾರೆ. ಪ್ರಸಂಗ ಹೇಗೇ ಇರಲಿ, ಬೀದಿಯ ಆಚೆ ನಿಂತು ನೋಡಿದರೆ ಅವರ ಉದ್ದೇಶಕ್ಕೆ ಬೇರೆ ಸಾಕ್ಷಿ ಬೇಡ. ಬ್ರಿಟಿಷ್ ಕಮಿಷನರರ ಕಾಲದ ಗ್ರೀಕ್–ರೋಮನ್ ಕಂಬಗಳ ಕಚೇರಿಗೆ ನೇರ ಎದುರಾಗಿ, ಅದಕ್ಕಿಂತ ಎಷ್ಟೋ ಎತ್ತರಕ್ಕೆ ಚಾಲುಕ್ಯ, ಹೊಯ್ಸಳ, ವಿಜಯನಗರದ ಕಂಬ, ಬೋದಿಗೆ, ಕಪೋತಗಳನ್ನು ಅವರು ಎಬ್ಬಿಸಿ ನಿಲ್ಲಿಸಿದರು.

ಇದರ ವಾಸ್ತುವಿನ್ಯಾಸದ ಹೊಣೆ ಹೊತ್ತವರು ಲೋಕೋಪಯೋಗಿ ಇಲಾಖೆಯ ಬಿ.ಆರ್. ಮಾಣಿಕ್ಯಂ. ಅದೇ ವರ್ಷಗಳಲ್ಲಿ ಚಂಡೀಗಢದಲ್ಲಿ ಲ ಕಾರ್ಬೂಸಿಯೆ ಪಂಜಾಬಿನ ಶಾಸನಸಭೆಗಾಗಿ ಕಾಂಕ್ರೀಟಿನ ಹೊಸ ಭಾಷೆಯನ್ನೇ ಹುಡುಕುತ್ತಿದ್ದರು. ಮೈಸೂರು ಸರ್ಕಾರ ಶಿಲ್ಪಿಗಳ ಉಳಿಯನ್ನು ನೆಚ್ಚಿಕೊಂಡಿತು. ಸ್ವತಂತ್ರ ಭಾರತದ ಸರ್ಕಾರಿ ಕಟ್ಟಡ ಹೇಗಿರಬೇಕು ಎಂಬ ಪ್ರಶ್ನೆಗೆ ಒಂದೇ ದಶಕದಲ್ಲಿ ಬಂದ ಎರಡು ಬೇರೆ ಬೇರೆ ಉತ್ತರಗಳಿವು. ಹಳೆಯದನ್ನು ಅನುಕರಿಸಿದ ಕಟ್ಟಡ ಎಂದು ವಿಧಾನಸೌಧವನ್ನು ತಳ್ಳಿಹಾಕುವ ವಾಸ್ತುತಜ್ಞರಿದ್ದಾರೆ. ಆ ಟೀಕೆಯಲ್ಲಿ ಸತ್ಯಾಂಶ ಇದೆ, ಆದರೆ ನ್ಯಾಯ ಇಲ್ಲ. ದೇಗುಲ ಕಟ್ಟುವ ಕೈಗಳಿಗೆ ಶತಮಾನಗಳಿಂದ ಸಿಗದಿದ್ದ ದೊಡ್ಡ ಕೆಲಸ ಇಲ್ಲಿ ಸಿಕ್ಕಿತು. ಅದೂ ದೇವರಿಗಾಗಿ ಅಲ್ಲ, ಮತದಾರರಿಗಾಗಿ.

ಸುಮಾರು 1,500 ಮಂದಿ ಕಲ್ಲುಕುಟಿಗರು, ಗಾರೆಯವರು, ಮರದ ಕೆತ್ತನೆಯವರು ಇಲ್ಲಿ ದುಡಿದರು. ಅವರ ಜೊತೆಗೆ ಐದು ಸಾವಿರಕ್ಕೂ ಹೆಚ್ಚು ಮಂದಿ ಕೂಲಿಯಾಳುಗಳು. ಇವರಲ್ಲಿ ಹೆಚ್ಚಿನವರು ಜೈಲಿನ ಕೈದಿಗಳು. ಕೆಲಸ ಮುಗಿದ ಮೇಲೆ ಅವರನ್ನು ಬಿಡುಗಡೆ ಮಾಡಲಾಯಿತು. ಪಠ್ಯಪುಸ್ತಕಗಳಲ್ಲಿ ಕೆಂಗಲ್ ಅವರ ಹೆಸರಿದೆ, ಅಲ್ಲಲ್ಲಿ ಮಾಣಿಕ್ಯಂ ಅವರ ಹೆಸರೂ ಇದೆ. ಕಲ್ಲು ಹೊತ್ತವರು ಮಾತ್ರ ಒಂದು ಸಂಖ್ಯೆಯಾಗಿ ಉಳಿದಿದ್ದಾರೆ. ಮತದಾನದ ಹಕ್ಕಿಲ್ಲದ ಕೈಗಳು ನಾಡಿನ ಮತದಾರರ ಮನೆಯನ್ನು ಕಟ್ಟಿದವು ಎಂಬುದು ಈ ಕಟ್ಟಡದ ಬಗ್ಗೆ ತಿಳಿಯಬೇಕಾದ ಮೊದಲ ಸಂಗತಿಗಳಲ್ಲೊಂದು.

ಖರ್ಚು ಸುಮಾರು 1.8 ಕೋಟಿ ರೂಪಾಯಿ. ಮೊದಲ ಅಂದಾಜಿಗಿಂತ ಇದು ಹಲವು ಪಟ್ಟು ಹೆಚ್ಚಾಗಿತ್ತು. ದುಂದುವೆಚ್ಚದ ಆರೋಪ ಬಂತು, ವಿಚಾರಣೆಯೂ ನಡೆಯಿತು. 1956ರ ಆಗಸ್ಟ್‌ನಲ್ಲಿ ಹನುಮಂತಯ್ಯನವರು ಅಧಿಕಾರ ಬಿಟ್ಟರು. ತಾವು ಕಟ್ಟಿಸಿದ ಸೌಧದಲ್ಲಿ ಮುಖ್ಯಮಂತ್ರಿಯಾಗಿ ಸದನ ನಡೆಸುವ ಯೋಗ ಅವರಿಗೆ ಒದಗಲಿಲ್ಲ. ಅವರ ನಂತರ ಆ ಕುರ್ಚಿಗೆ ಬಂದವರು ತೀರ್ಥಹಳ್ಳಿ ತಾಲ್ಲೂಕಿನ ಕಡಿದಾಳ್ ಮಂಜಪ್ಪ. ಅವರ ಅವಧಿ ಅಕ್ಟೋಬರ್ 31ಕ್ಕೆ ಮುಗಿಯಿತು. ನವೆಂಬರ್ 1ರಂದು ಏಕೀಕೃತ ಮೈಸೂರು ರಾಜ್ಯ ಹುಟ್ಟಿತು, ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿಯಾದರು. ಮುಂಬಯಿ, ಹೈದರಾಬಾದ್, ಮದ್ರಾಸು, ಕೊಡಗುಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡದ ಸೀಮೆಗಳಿಂದ ಬಂದ ಶಾಸಕರು ಹೊಸ ಸೌಧದಲ್ಲಿ ಮೊದಲ ಸಲ ಒಟ್ಟಿಗೆ ಕುಳಿತದ್ದು 1956ರ ಡಿಸೆಂಬರ್ 19ರಂದು. ಹಳೆ ಮೈಸೂರಿಗೆಂದು ಯೋಜಿಸಿದ ಮನೆ ಇಡೀ ಕನ್ನಡನಾಡಿಗೆ ಸಾಲುವಷ್ಟು ದೊಡ್ಡದಾಗಿತ್ತು. ದುಂದುವೆಚ್ಚ ಎಂದವರಿಗೆ ಕಾಲವೇ ಕೊಟ್ಟ ಉತ್ತರ ಇದು.

ಕಟ್ಟಡ

ಉತ್ತರ–ದಕ್ಷಿಣವಾಗಿ 700 ಅಡಿ, ಪೂರ್ವ–ಪಶ್ಚಿಮವಾಗಿ 350 ಅಡಿ. ನಾಲ್ಕು ದಿಕ್ಕಿಗೂ ಬಾಗಿಲು. ಒಳಗೆ ಗಾಳಿ ಬೆಳಕಿಗೆ ತೆರೆದ ಅಂಗಳಗಳು. ಗೋಡೆಗೆ ಬೆಂಗಳೂರು ಸುತ್ತಿನ ಬೂದುನೀಲಿ ಗ್ರಾನೈಟ್. ಅಲಂಕಾರಕ್ಕೆ ಮಾಗಡಿಯ ನಸುಗೆಂಪು ಕಲ್ಲು, ತುರುವೇಕೆರೆಯ ಕರಿಕಲ್ಲು.

ನಿಜವಾಗಿ ನಿಂತು ನೋಡಬೇಕಾದದ್ದು ಪೂರ್ವದ ಮುಖ. 200 ಅಡಿಗಿಂತಲೂ ಅಗಲವಾದ 45 ಮೆಟ್ಟಿಲುಗಳು ಮೊದಲ ಮಹಡಿಯ ಮೊಗಸಾಲೆಗೆ ಏರುತ್ತವೆ. ಮೇಲೆ 40 ಅಡಿ ಎತ್ತರದ 12 ಗ್ರಾನೈಟ್ ಕಂಬಗಳ ಸಾಲು. ಹತ್ತಿರ ಹೋದರೆ ಕಂಬದ ಬುಡ ಚೌಕ, ಮೇಲೇರಿದಂತೆ ಅದು ಪಟ್ಟೆ ಪಟ್ಟೆಯಾಗಿ ಒಡೆಯುತ್ತದೆ. ನೆತ್ತಿಯಲ್ಲಿ ಬೋದಿಗೆ ಹೊರಚಾಚಿ ತೊಲೆಯನ್ನು ಹೊರುತ್ತದೆ. ಗ್ರಾನೈಟ್ ಬಳಪದ ಕಲ್ಲಿನ ಹಾಗೆ ಉಳಿಗೆ ಸುಲಭಕ್ಕೆ ಒಲಿಯುವುದಿಲ್ಲ. ಆದ್ದರಿಂದ ಬೇಲೂರಿನ ಸೂಕ್ಷ್ಮ ಜಾಲಂಧ್ರದ ಕೆಲಸ ಇಲ್ಲಿಲ್ಲ. ಹೂವು, ಬಳ್ಳಿ, ಕಪೋತದ ಅಂಚು ಎಲ್ಲವೂ ದಪ್ಪ ಗೆರೆಯಲ್ಲಿ, ದೂರದಿಂದಲೂ ಕಾಣುವಂತೆ ಕೆತ್ತಿದವು. ಇದನ್ನು ಕೊರತೆ ಎನ್ನಲಾಗದು. ನೂರು ಗಜ ದೂರದ ಬೀದಿಯಲ್ಲಿ ನಿಂತವನಿಗೆ ಕಾಣಬೇಕಾದ ಕಟ್ಟಡಕ್ಕೆ ಈ ದಪ್ಪ ಗೆರೆಯೇ ಸರಿ.

ಮಧ್ಯದ ಗುಮ್ಮಟದ ಅಡ್ಡಗಲ 60 ಅಡಿ, ಅದರ ತುದಿಯಲ್ಲಿ ನಾಲ್ಕು ಸಿಂಹಗಳ ರಾಷ್ಟ್ರಲಾಂಛನ. ಮೂಲೆಗಳಲ್ಲಿ ಸಣ್ಣ ಗುಮ್ಮಟಗಳು. ಸಚಿವ ಸಂಪುಟದ ಸಭಾಂಗಣಕ್ಕೆ ಕೆತ್ತನೆಯ ಶ್ರೀಗಂಧದ ಬಾಗಿಲು. ಪೂರ್ವದ್ವಾರದ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಿದೆ. ಈ ವಾಕ್ಯವನ್ನು ತೆಗೆದು ‘ಸತ್ಯಮೇವ ಜಯತೇ’ ಹಾಕಬೇಕೆಂಬ ಯೋಚನೆ 1957ರಲ್ಲಿ ಸರ್ಕಾರದ ಮುಂದೆ ಬಂದಿತ್ತು, ಕೈಗೂಡಲಿಲ್ಲ. ಉಳಿದದ್ದು ಒಳ್ಳೆಯದಾಯಿತು. ಫೈಲು ಹಿಡಿದು ಬಂದವರನ್ನು ನಾಳೆ ಬಾ ಎಂದು ಸಾಗಹಾಕುವವರು ದಿನಾ ಅದರ ಕೆಳಗೇ ಹಾದುಹೋಗಬೇಕು.

ಬೀದಿಯ ಚರಿತ್ರೆ

ಕಬ್ಬನ್ ಪಾರ್ಕನ್ನು 1870ರಲ್ಲಿ ರಿಚರ್ಡ್ ಸ್ಯಾಂಕಿ ರೂಪಿಸಿದರು. ಮೊದಲು ಮೀಡ್ಸ್ ಪಾರ್ಕ್, ಆಮೇಲೆ ಕಬ್ಬನ್ ಪಾರ್ಕ್, 1927ರಿಂದ ದಾಖಲೆಗಳಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನ. ಅಠಾರಾ ಕಚೇರಿಯ ಮುಂದೆ ಕುದುರೆ ಏರಿ ನಿಂತಿದ್ದ ಮಾರ್ಕ್ ಕಬ್ಬನ್ ಪ್ರತಿಮೆಯನ್ನು 2020ರಲ್ಲಿ ಅಲ್ಲಿಂದ ಎಬ್ಬಿಸಿ ಪಾರ್ಕಿನೊಳಗೆ ಒಯ್ದಿದ್ದಾರೆ. ಅದೇ ಅಠಾರಾ ಕಚೇರಿಯನ್ನು 1980ರ ದಶಕದಲ್ಲಿ ಕೆಡವಿ ಹೊಸ ಕಟ್ಟಡ ಎಬ್ಬಿಸುವ ಪ್ರಸ್ತಾಪ ಬಂದಾಗ ನಾಗರಿಕರು ಎದ್ದು ನಿಂತರು, ಕೋರ್ಟಿಗೂ ಹೋದರು. ಕಟ್ಟಡ ಉಳಿಯಿತು. ಹಾಗಾಗಿಯೇ ಇಂದಿಗೂ ಈ ಬೀದಿಯಲ್ಲಿ ಕೆಂಪು ಮತ್ತು ಬೂದುಬಣ್ಣ ಎದುರುಬದುರಾಗಿ ನಿಲ್ಲುತ್ತವೆ.

ವಿಧಾನಸೌಧದಲ್ಲಿ ಜಾಗ ಸಾಲದಾದಾಗ ಸುತ್ತ ಬಹುಮಹಡಿ ಕಟ್ಟಡಗಳು, ದಕ್ಷಿಣಕ್ಕೆ 2005ರಲ್ಲಿ ವಿಕಾಸಸೌಧ ಬಂದವು. ವಿಕಾಸಸೌಧ ಮೂಲದ ರೂಪವನ್ನು ಅನುಸರಿಸಿದೆ, ಅಷ್ಟೇ. 2016ರ ಏಪ್ರಿಲ್‌ನಿಂದ ಬೀದಿಯ ಅಡಿಯಲ್ಲಿ ಮೆಟ್ರೊ ಓಡುತ್ತಿದೆ. ನಿಲ್ದಾಣಕ್ಕೆ ಅಂಬೇಡ್ಕರ್ ಹೆಸರು. ಮೇಲೆ ಪ್ರತಿಮೆಗಳ ಸಾಲು: ಅಂಬೇಡ್ಕರ್, ನೆಹರೂ, ಸುಭಾಷ್, ಕೆಂಗಲ್, ದೇವರಾಜ ಅರಸು, ಎರಡು ಸೌಧಗಳ ನಡುವೆ ಧ್ಯಾನಕ್ಕೆ ಕುಳಿತ ಗಾಂಧಿ. 2023ರ ಮಾರ್ಚ್‌ನಲ್ಲಿ ಬಸವಣ್ಣ ಮತ್ತು ಕೆಂಪೇಗೌಡರು ಬಂದರು. 2025ರ ಜನವರಿಯಲ್ಲಿ ಪಶ್ಚಿಮದ ಕಡೆ ಕಂಚಿನ ಭುವನೇಶ್ವರಿ. ಇವುಗಳಲ್ಲಿ ಅಂಬೇಡ್ಕರ್ ಪ್ರತಿಮೆ ಬರೀ ಪ್ರತಿಮೆಯಾಗಿ ಉಳಿದಿಲ್ಲ. ಏಪ್ರಿಲ್ 14 ಬಂತೆಂದರೆ ಹಳ್ಳಿಹಳ್ಳಿಯಿಂದ ಜನ ಅಲ್ಲಿಗೆ ಬರುತ್ತಾರೆ. ಸರ್ಕಾರದ ಮನೆಯ ಮುಂದೆ ತಮ್ಮವರೊಬ್ಬರು ನಿಂತಿದ್ದಾರೆ ಎಂಬ ಭಾವ ಅವರದು.

ಪೂರ್ವದ ಮೆಟ್ಟಿಲುಗಳು ರಾಜ್ಯದ ರಂಗಮಂಚವೂ ಹೌದು. 2018ರ ಮೇ 23ರಂದು ಎಚ್.ಡಿ. ಕುಮಾರಸ್ವಾಮಿ ಪ್ರಮಾಣವಚನ ಸ್ವೀಕರಿಸಿದ್ದು ಇಲ್ಲಿಯೇ, ದೇಶದ ವಿರೋಧ ಪಕ್ಷಗಳ ಮುಖಂಡರ ಸಮ್ಮುಖದಲ್ಲಿ. 2025ರ ಜೂನ್ 4ರಂದು ಐಪಿಎಲ್ ಗೆದ್ದ ಬೆಂಗಳೂರು ತಂಡಕ್ಕೆ ಇದೇ ಮೆಟ್ಟಿಲ ಮೇಲೆ ಸನ್ಮಾನ ನಡೆಯಿತು. ಅಂದೇ ಪಕ್ಕದ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲಿ ಕಾಲ್ತುಳಿತಕ್ಕೆ 11 ಮಂದಿ ಬಲಿಯಾದರು.

ಸಂಭ್ರಮಕ್ಕೆ ತೆರೆದಿರುವ ಈ ಬೀದಿ ಅಹವಾಲಿಗೆ ಮುಚ್ಚಿಕೊಂಡಿದೆ. 2021ರ ಆದೇಶದ ಪ್ರಕಾರ ಬೆಂಗಳೂರಿನಲ್ಲಿ ಧರಣಿ, ಪ್ರತಿಭಟನೆಗೆ ಫ್ರೀಡಂ ಪಾರ್ಕ್ ಒಂದೇ ಜಾಗ. ಸಂಚಾರಕ್ಕೆ ತೊಂದರೆ, ಆಸ್ಪತ್ರೆಗೆ ಹೋಗುವವರಿಗೆ ಅಡಚಣೆ ಎಂಬ ಕಾರಣಗಳು ಸುಳ್ಳಲ್ಲ. ಆದರೂ ಶಾಸಕರ ಕಿಟಕಿಗೆ ಕಾಣುವ ಹಾಗೆ ನಿಲ್ಲುವ ಹಕ್ಕನ್ನು ಪೂರ್ತಿ ಕಿತ್ತುಕೊಂಡದ್ದು ನಷ್ಟವೇ. ಪ್ರಜಾಪ್ರತಿನಿಧಿ ಸಭೆಯ ಕಾಲದ ರೈತನಿಗೂ ವರ್ಷಕ್ಕೊಮ್ಮೆಯಾದರೂ ದಿವಾನರ ಎದುರು ತನ್ನ ಪ್ರತಿನಿಧಿಯ ಬಾಯಲ್ಲಿ ದೂರು ಹೇಳಿಸುವ ಅವಕಾಶವಿತ್ತು.

ಮಲೆನಾಡಿನ ನಂಟು

ಫ್ರೀಡಂ ಪಾರ್ಕ್ ಹಿಂದೆ ಬೆಂಗಳೂರಿನ ಸೆಂಟ್ರಲ್ ಜೈಲಾಗಿತ್ತು. 1975ರ ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಆಡ್ವಾಣಿ ಅವರನ್ನು ಅಲ್ಲಿಟ್ಟಿದ್ದರು ಎಂಬುದು ಎಲ್ಲರಿಗೂ ಗೊತ್ತು. ಶಿವಮೊಗ್ಗ ಜಿಲ್ಲೆಯವರಿಗೆ ಆ ಜಾಗ ಅದಕ್ಕೂ ಹಿಂದಿನ ನೆನಪು. ಶಿಕಾರಿಪುರ ತಾಲ್ಲೂಕಿನ ಈಸೂರು 1942ರ ಸೆಪ್ಟೆಂಬರ್‌ನಲ್ಲಿ ತಾನು ಸ್ವತಂತ್ರ ಎಂದು ಸಾರಿತು. ವೀರಭದ್ರ ದೇವಸ್ಥಾನದ ಮೇಲೆ ಬಾವುಟ ಹಾರಿಸಿ, ಊರ ಹುಡುಗರನ್ನೇ ತಹಸೀಲ್ದಾರ್, ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿಕೊಂಡು ತನ್ನದೇ ಸರ್ಕಾರ ಮಾಡಿಕೊಂಡಿತು. ಘರ್ಷಣೆಯಲ್ಲಿ ಇಬ್ಬರು ಅಧಿಕಾರಿಗಳು ಸತ್ತರು. ಐವರು ಈಸೂರಿನವರನ್ನು 1943ರ ಮಾರ್ಚ್‌ನಲ್ಲಿ ಬೆಂಗಳೂರಿನ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ವಿಧಾನಸೌಧದ ಅಡಿಗಲ್ಲಿಗೆ ಸುಮಾರು ಒಂಬತ್ತು ವರ್ಷ ಮೊದಲು, ಗುಡಿಯ ಮುಂದಿನ ಬಯಲಲ್ಲಿ ಒಂದು ಹಳ್ಳಿ ತನಗೆ ತಾನೇ ಸರ್ಕಾರವಾಗಿತ್ತು.

ಅಡಿಗಲ್ಲು ಬಿದ್ದ ವರ್ಷವೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಗದ್ದೆಗೆ ಇಳಿದರು. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದಿಂದ ಶುರುವಾದ ಜಗಳ, ಎಚ್. ಗಣಪತಿಯಪ್ಪ ಮತ್ತು ಸಮಾಜವಾದಿಗಳ ಮುಂದಾಳತ್ವದಲ್ಲಿ 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹವಾಯಿತು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅದರ ಮರು ತಿಂಗಳು ಬೆಂಗಳೂರಿನಲ್ಲಿ ನೆಹರೂ ಅಡಿಗಲ್ಲು ಹಾಕಿದರು. ಈ ಎರಡು ಘಟನೆಗಳನ್ನು ಒಟ್ಟಿಗೆ ಇಟ್ಟು ಓದಬೇಕು. ಕಾಗೋಡಿನವರು ಎತ್ತಿದ ಪ್ರಶ್ನೆ ಸದನ ಮುಟ್ಟಿ, ಕಡಿದಾಳ್ ಮಂಜಪ್ಪನವರು ಕಂದಾಯ ಸಚಿವರಾಗಿದ್ದಾಗಿನ ಗೇಣಿ ಕಾನೂನು, ಅನಂತರ 1961ರ ಭೂಸುಧಾರಣಾ ಕಾಯ್ದೆ, ಕೊನೆಗೆ ದೇವರಾಜ ಅರಸು ಕಾಲದಲ್ಲಿ 1974ರಿಂದ ಜಾರಿಗೆ ಬಂದ ತಿದ್ದುಪಡಿಯಾಗಿ ಉಳುವವನ ಕೈಗೆ ಪಹಣಿ ಬಂತು. ವಿಧಾನಸೌಧದಲ್ಲಿ ನಡೆದ ಕೆಲಸಗಳಲ್ಲಿ ಮಲೆನಾಡಿನ ಬದುಕನ್ನು ಇಷ್ಟು ಬುಡಸಮೇತ ಬದಲಿಸಿದ್ದು ಬೇರೊಂದಿಲ್ಲ.

ಗೋಪಾಲಗೌಡರು 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದು ಹೊಸ ಸೌಧದಲ್ಲಿ ಕುಳಿತರು. ಗೇಣಿದಾರರ ಹಕ್ಕು, ಆಡಳಿತದಲ್ಲಿ ಕನ್ನಡ, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಇವು ಅವರ ಬಿಡದ ಹಟಗಳು. 1972ರ ಜೂನ್ 9ರಂದು ಅವರು ತೀರಿಕೊಂಡರು. ಮುಂದಿನ ತಿಂಗಳು ವಿಧಾನಸಭೆ ಹೆಸರು ಬದಲಿಸುವ ನಿರ್ಣಯ ಅಂಗೀಕರಿಸಿತು. 1973ರ ನವೆಂಬರ್ 1ರಂದು ಮೈಸೂರು ಕರ್ನಾಟಕವಾಯಿತು.

ಶಿವಮೊಗ್ಗ ಜಿಲ್ಲೆಯಿಂದ ಮುಖ್ಯಮಂತ್ರಿಗಳಾದವರು ಕಡಿದಾಳ್ ಮಂಜಪ್ಪ, ಎಸ್. ಬಂಗಾರಪ್ಪ, ಜೆ.ಎಚ್. ಪಟೇಲ್, ಬಿ.ಎಸ್. ಯಡಿಯೂರಪ್ಪ. ಪಟೇಲರ ಊರು ಕಾರಿಗನೂರು ಇರುವ ಚನ್ನಗಿರಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು. 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತಾಡಿದವರು ಅವರೇ. 2013ರಿಂದ 2016ರವರೆಗೆ ವಿಧಾನಸಭೆಯ ಸ್ಪೀಕರ್ ಸ್ಥಾನದಲ್ಲಿ ಕಾಗೋಡು ತಿಮ್ಮಪ್ಪ, ವಿಧಾನ ಪರಿಷತ್ತಿನ ಸಭಾಪತಿ ಸ್ಥಾನದಲ್ಲಿ ಶಿವಮೊಗ್ಗದ ಡಿ.ಎಚ್. ಶಂಕರಮೂರ್ತಿ ಇದ್ದರು. ಸೌಧದ ಎರಡೂ ಪೀಠಗಳು ಒಂದೇ ಜಿಲ್ಲೆಯವರ ಕೈಯಲ್ಲಿದ್ದವು, ಅದೂ ಬೇರೆ ಬೇರೆ ಪಕ್ಷದವರ ಕೈಯಲ್ಲಿ. ಗೇಣಿದಾರರ ಕಾಗೋಡಿನಿಂದ ಸ್ಪೀಕರ್ ಪೀಠಕ್ಕೆ ಅರವತ್ತೆರಡು ವರ್ಷಗಳ ದಾರಿ.

ಶಿವಮೊಗ್ಗ ಮತ್ತು ಭದ್ರಾವತಿಗಳ ನಡುವಿನ ಸೋಗಾನೆಯಲ್ಲಿ ಈಗ ಎರಡು ದೊಡ್ಡ ಸರ್ಕಾರಿ ಸ್ಥಳಗಳಿವೆ. ಒಂದು, 2023ರ ಫೆಬ್ರವರಿ 27ರಂದು ಉದ್ಘಾಟನೆಯಾದ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ. ಆ ವರ್ಷದ ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಇಲ್ಲಿ ಇಳಿಯಿತು. ರಾತ್ರಿ ರೈಲು ಹತ್ತಿ ಬೆಳಿಗ್ಗೆ ವಿಧಾನಸೌಧದ ಬಾಗಿಲಲ್ಲಿ ನಿಲ್ಲುತ್ತಿದ್ದ ಮಲೆನಾಡಿನವರಿಗೆ ರಾಜಧಾನಿ ಗಂಟೆಯ ಹಾದಿಯಾಯಿತು. ಇನ್ನೊಂದು, ಶಿವಮೊಗ್ಗ ಕೇಂದ್ರ ಕಾರಾಗೃಹ. ಜೈಲು ಸೋಗಾನೆಗೆ ಹೋದ ಮೇಲೆ ಊರ ನಡುವಿನ ಹಳೇ ಜೈಲಿನ ಆವರಣ ಬೆಂಗಳೂರಿನ ಹಾಗೆಯೇ ಫ್ರೀಡಂ ಪಾರ್ಕ್ ಆಯಿತು. 2024ರ ಜನವರಿ 12ರಂದು ರಾಜ್ಯ ಸರ್ಕಾರದ ಯುವನಿಧಿ ಯೋಜನೆಗೆ ಚಾಲನೆ ಸಿಕ್ಕಿದ್ದು ಅಲ್ಲಿ. ಬಳ್ಳಿಗಾವೆಯಲ್ಲಿ ಹುಟ್ಟಿ, ಕಲ್ಯಾಣದ ಅನುಭವ ಮಂಟಪದ ಶೂನ್ಯಪೀಠ ಏರಿದ ಅಲ್ಲಮಪ್ರಭುವಿನ ಹೆಸರು ಈಗ ಆ ಜಾಗಕ್ಕಿದೆ. ಮಾತಿನ ಮಂಟಪಕ್ಕೆ ಒಡೆಯನಾಗಿದ್ದವನ ಹೆಸರು ಜನ ಸೇರುವ ಬಯಲಿಗೆ ಬಂದದ್ದು ಸಂತೋಷದ ಸಂಗತಿ.

ಈಗಿನ ಸ್ಥಿತಿ

ಸದನದ ಬಲ 1957ರಲ್ಲಿ 208, 1967ರಲ್ಲಿ 216, 1978ರಿಂದ 224. ಪರಿಷತ್ತಿನಲ್ಲಿ 75 ಸ್ಥಾನಗಳು. ಬೆಳಗಾವಿಯಲ್ಲಿ 2006ರಲ್ಲಿ ಮೊದಲ ಅಧಿವೇಶನ ನಡೆಯಿತು. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿ ಅಲ್ಲಿ ಸುವರ್ಣ ವಿಧಾನಸೌಧವನ್ನು ಉದ್ಘಾಟಿಸಿದರು. ಚಳಿಗಾಲದ ಅಧಿವೇಶನ ಅಲ್ಲಿ, ಉಳಿದವು ಬೆಂಗಳೂರಿನಲ್ಲಿ.

ದಶಕಗಳ ಕಾಲ ಪಾಸ್ ಇದ್ದವರಿಗಷ್ಟೇ ತೆರೆಯುತ್ತಿದ್ದ ವಿಧಾನಸೌಧಕ್ಕೆ 2025ರ ಜೂನ್‌ನಿಂದ ಪ್ರವಾಸೋದ್ಯಮ ಇಲಾಖೆ ಮಾರ್ಗದರ್ಶಿಗಳ ಜೊತೆ ಸಾರ್ವಜನಿಕರ ಭೇಟಿ ಶುರುಮಾಡಿದೆ. ಭಾನುವಾರ ಹಾಗೂ ಎರಡನೇ, ನಾಲ್ಕನೇ ಶನಿವಾರಗಳಂದು ಆನ್‌ಲೈನ್‌ನಲ್ಲಿ ಟಿಕೆಟ್ ಪಡೆದು ಹೋಗಬಹುದು. ಶಾಲಾ ಪ್ರವಾಸಕ್ಕೆ ಮಕ್ಕಳನ್ನು ಬೆಂಗಳೂರಿಗೆ ಕರೆದೊಯ್ಯುವ ಶಿವಮೊಗ್ಗ, ಭದ್ರಾವತಿಯ ಮೇಷ್ಟ್ರುಗಳು ಇದನ್ನು ಬಳಸಿಕೊಳ್ಳಬೇಕು. ಹಾಗೆಯೇ ಮಕ್ಕಳನ್ನು ಫ್ರೀಡಂ ಪಾರ್ಕಿಗೂ ಕರೆದೊಯ್ದು ಈಸೂರಿನವರ ಕಥೆ ಹೇಳಬೇಕು.

ಇನ್ನೊಂದು ಕೆಲಸ ಸರ್ಕಾರ ಮಾಡಬೇಕಾದದ್ದು. ಸೌಧ ಕಟ್ಟಿದ ಕೈದಿಗಳ, ಕಲ್ಲುಕುಟಿಗರ ಹೆಸರುಗಳು ಕಾರಾಗೃಹ ಮತ್ತು ಲೋಕೋಪಯೋಗಿ ಇಲಾಖೆಗಳ ಹಳೆಯ ರಿಜಿಸ್ಟರುಗಳಲ್ಲಿ ಎಷ್ಟು ಸಿಕ್ಕರೆ ಅಷ್ಟನ್ನು ಹುಡುಕಿ ತೆಗೆದು, ಪೂರ್ವದ ಮೆಟ್ಟಿಲ ಬಳಿ ಅದೇ ಬೂದುನೀಲಿ ಕಲ್ಲಿನಲ್ಲಿ ಕೆತ್ತಿಸಲಿ.